ಜೋತುಬಿದ್ದ ಪಾದವು ಮತ್ತೆ ಮೇಲೇಳುವ ಬಗೆ

ಸೊಂಟದ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯು ಸುಸೂತ್ರವಾಗಿ ಮುಗಿದು, ಮೊದಲ ಹೆಜ್ಜೆಯನ್ನಿಡಲು ಹೊರಟ ರೋಗಿಗೆ, ತನ್ನ ಪಾದದ ಮುಂಭಾಗವು ಮೇಲೇಳದೆ ನೆಲಕ್ಕೆ ತಗುಲುತ್ತಿರುವುದು ಅರಿವಾದಾಗ ಕಳವಳವುಂಟಾಗುವುದು ಸಹಜ. ವೈದ್ಯರು ಫುಟ್ ಡ್ರಾಪ್ ಎಂದು ಕರೆಯುವ ಈ ಸ್ಥಿತಿಯ ಮೂಲವಿರುವುದು ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಸೊಂಟದ ಕೀಲಿನ ಹಿಂಬದಿಯಲ್ಲಿ ಹಾದುಹೋಗುವ ಸಯಾಟಿಕ್ ನರದಲ್ಲಿ.

ಆ ನರವು ಶಸ್ತ್ರಕ್ರಿಯೆಯ ವೇಳೆ ಎಳೆತಕ್ಕೋ ಒತ್ತಡಕ್ಕೋ ಸಿಲುಕಿದರೆ, ಅಥವಾ ಅದರ ಸುತ್ತ ರಕ್ತವು ಶೇಖರಗೊಂಡರೆ, ಪಾದವನ್ನೆತ್ತುವ ಸ್ನಾಯುಗಳಿಗೆ ಆಜ್ಞೆಯನ್ನೊಯ್ಯುವ ಪೆರೋನಿಯಲ್ ಎಳೆಗಳೇ ಬಹುಮಟ್ಟಿಗೆ ಘಾಸಿಗೊಳ್ಳುತ್ತವೆ. ಆದುದರಿಂದ ಪಾದವು ಏಳದಿರುವುದು ಕಂಡೊಡನೆಯೇ ಶಸ್ತ್ರವೈದ್ಯರಿಗೆ ತಿಳಿಸತಕ್ಕದ್ದು.

ಘಾಸಿಗೊಂಡ ನರತಂತುವು ಮರಳಿ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ. ಸೊಂಟದಿಂದ ಮೊಣಕಾಲಿನ ಕೆಳಗಿನ ಸ್ನಾಯುಗಳವರೆಗಿನ ದೂರವನ್ನು ಎಣಿಸಿದರೆ, ಚೇತರಿಕೆಗೆ ಹಲವು ತಿಂಗಳುಗಳು, ಕೆಲವೊಮ್ಮೆ ವರ್ಷಕ್ಕೂ ಮೀರಿದ ಕಾಲ ಏಕೆ ಬೇಕೆಂಬುದು ವಿಶದವಾಗುತ್ತದೆ.

ಈ ದೀರ್ಘಾವಧಿಯಲ್ಲಿ, ಪಾದವನ್ನು ಎತ್ತಿಹಿಡಿದು ಎಡವದಂತೆ ಕಾಯುವ ಎ.ಎಫ್.ಒ. ಎಂಬ ಆಧಾರಪಟ್ಟಿಯನ್ನು ಧರಿಸುವುದು, ಹಿಮ್ಮಡಿಯ ಸ್ನಾಯುರಜ್ಜು ಬಿಗಿದುಕೊಳ್ಳದಂತೆ ಮೀನಖಂಡವನ್ನು ನಿತ್ಯವೂ ಹಿಗ್ಗಿಸುವುದು, ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಪಾದವನ್ನೆತ್ತುವ ಯತ್ನವನ್ನು ಮುಂದುವರಿಸುವುದು, ಸ್ಪರ್ಶಜ್ಞಾನ ಕುಂದಿದ ಚರ್ಮದಲ್ಲಿ ಗಾಯವಾಗಿದೆಯೇ ಎಂದು ಪ್ರತಿದಿನವೂ ಪರೀಕ್ಷಿಸುವುದು, ಇವು ನಾಲ್ಕೂ ಅವಶ್ಯ ಕರ್ತವ್ಯಗಳು.

ಹಲವರಲ್ಲಿ ಬಲವು ಪೂರ್ಣವಾಗಿಯೋ ಆಂಶಿಕವಾಗಿಯೋ ಮರಳುತ್ತದೆ. ಮರಳದವರಲ್ಲಿ ಕೆಲವರಿಗೆ ಸ್ನಾಯುರಜ್ಜುವನ್ನು ಸ್ಥಾನಾಂತರಿಸುವ ಶಸ್ತ್ರಚಿಕಿತ್ಸೆಯೆಂಬ ಮಾರ್ಗವುಂಟು. ನರದ ಮಂದಗತಿಯನ್ನು ಸೋಲೆಂದು ಭಾವಿಸದೆ, ವೈದ್ಯರು ಹೇಳುವವರೆಗೆ ಪಟ್ಟಿಯನ್ನೂ ವ್ಯಾಯಾಮವನ್ನೂ ದಯವಿಟ್ಟು ಬಿಡದಿರಿ.