ನಮ್ಮ ಸಂಪಿಗೆ ಬಾಹ್ಯಾಕಾಶಕ್ಕೆ ಹಾರೀತೇ?

ಉಪಗ್ರಹ ಎಂದರೆ ಅಲ್ಯೂಮಿನಿಯಂ ಎಂದೇ ನಾವು ಓದುತ್ತಾ ಬಂದವರು. ಆದರೆ ಜಪಾನಿನವರು ಮರದಿಂದಲೇ ಒಂದನ್ನು ಮಾಡಿ ಹಾರಿಸಿದ್ದಾರೆ! ಗೋಣಿಕೊಪ್ಪಲಿನ ಹುಡುಗನಾದ ನನಗೆ ಮೊದಲು ಬಂದ ಪ್ರಶ್ನೆ: ಅದು ಯಾವ ಮರ? ಹೋನೋಕಿ ಎಂಬ ಮ್ಯಾಗ್ನೋಲಿಯಾ. ನಮ್ಮ ಕೊಡಗಿನ ಸಂಪಿಗೆಯೂ ಇದೇ ಕುಲದ್ದು.

ಕ್ಯೋಟೊ ವಿಶ್ವವಿದ್ಯಾಲಯ ಮತ್ತು ಸುಮಿಟೊಮೊ ಫಾರೆಸ್ಟ್ರಿ ಕಂಪನಿ ಸೇರಿ ರೂಪಿಸಿದ ‘ಲಿಗ್ನೋಸ್ಯಾಟ್’ 10 ಸೆಂ.ಮೀ. ಅಳತೆಯ ಪುಟ್ಟ ಪೆಟ್ಟಿಗೆ. ಮೊಳೆ, ಅಂಟು ಬಳಸದೆ ಸಾಂಪ್ರದಾಯಿಕ ಬಡಗಿ ವಿದ್ಯೆಯಿಂದ ಹಲಗೆಗಳನ್ನು ಜೋಡಿಸಲಾಗಿತ್ತು. 2024ರ ನವೆಂಬರ್‌ನಲ್ಲಿ ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು, ಡಿಸೆಂಬರ್‌ನಲ್ಲಿ ಕಕ್ಷೆಗೆ ಬಿಡುಗಡೆಯಾಯಿತು.

ಮರವೇ ಯಾಕೆ? ಕೆಲಸ ಮುಗಿಸಿದ ಉಪಗ್ರಹ ವಾತಾವರಣಕ್ಕೆ ಮರಳಿ ಉರಿಯುವಾಗ ಅಲ್ಯೂಮಿನಿಯಂ ಆಕ್ಸೈಡ್ ಕಣಗಳು ಉಳಿಯುತ್ತವೆ. ಇವು ಓಝೋನ್ ಪದರಕ್ಕೆ ಕುತ್ತು ತರಬಹುದೆಂಬುದು ವಿಜ್ಞಾನಿಗಳ ಆತಂಕ. ಮರವಾದರೆ ಬಹುಪಾಲು ಅನಿಲವಾಗಿ ಹೋಗುತ್ತದೆ. ಮೇಲೆ ಗಾಳಿ, ತೇವ ಇಲ್ಲದ್ದರಿಂದ ಮರ ಕೊಳೆಯುವುದಿಲ್ಲ, ಗೆದ್ದಲಿನ ಕಾಟವೂ ಇಲ್ಲ! ರೇಡಿಯೊ ಅಲೆಗಳಿಗೆ ಅಡ್ಡಿಯಾಗದ ಕಾರಣ ಆಂಟೆನಾವನ್ನು ಒಳಗೇ ಇಡಬಹುದು.

ಹಾಗೆಂದು ಎಲ್ಲವೂ ಸುಲಭವಲ್ಲ. ಲಿಗ್ನೋಸ್ಯಾಟ್ ಪೂರ್ತಿ ಮರದ್ದಲ್ಲ, ಅದರಲ್ಲಿ ಅಲ್ಯೂಮಿನಿಯಂ ಭಾಗಗಳೂ ಇದ್ದವು. ಕಕ್ಷೆಯಲ್ಲಿ ಅದರೊಂದಿಗೆ ಸಂಪರ್ಕವೇ ಸಿಗಲಿಲ್ಲ. ಸುಮಾರು 45 ನಿಮಿಷಕ್ಕೊಮ್ಮೆ ಮೈನಸ್ 100ರಿಂದ 100 ಡಿಗ್ರಿವರೆಗೆ ಬದಲಾಗುವ ತಾಪಕ್ಕೆ ಪೆಟ್ಟಿಗೆ ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಎಂಬ ಮಾಹಿತಿ ಭೂಮಿಗೆ ಬರಲೇ ಇಲ್ಲ.

ಆ ಉತ್ತರವನ್ನು ನಾವೂ ಹುಡುಕಬಹುದಲ್ಲವೇ? ಕೆಲಸ ಮುಗಿದ ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತವನ್ನೇ ಇಸ್ರೊ ‘ಪೋಯೆಮ್’ ಎಂಬ ಪ್ರಯೋಗ ವೇದಿಕೆಯಾಗಿ ಬಳಸುತ್ತದೆ. 2024ರ ಡಿಸೆಂಬರ್ 30ರಂದು ಹಾರಿದ ಪೋಯೆಮ್-4ರಲ್ಲಿ 24 ಪ್ರಯೋಗಗಳಿದ್ದವು. ಇಸ್ರೊದ ಅಲಸಂದೆ ಬೀಜ ಮೊಳಕೆಯೊಡೆದದ್ದು ಅಲ್ಲೇ. ಬೆಂಗಳೂರಿನ ಆರ್‌.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಪ್ರಯೋಗವೂ ಅದರಲ್ಲಿತ್ತು. ಒಂದು ಸಂಪಿಗೆ ಹಲಗೆ, ಅದಕ್ಕೆ ಸ್ಟ್ರೇನ್ ಗೇಜ್, ತಾಪಮಾನದ ಸೆನ್ಸರ್ ಇದ್ದರೆ ಹಿಗ್ಗುವಿಕೆಯನ್ನು ಅಳೆಯಬಹುದು.

ಅದಕ್ಕೆ ಮೊದಲು ನೆಲದ ಮೇಲಿನ ಪರೀಕ್ಷೆ ಆಗಬೇಕು. ಮರದ ಗುಣ ತಿಳಿದವರು ನಮ್ಮ ಪಕ್ಕದ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿದ್ದಾರೆ. ಬೆಂಗಳೂರಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವ ಗೆಳೆಯರೇ, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಅರಣ್ಯಶಾಸ್ತ್ರದವರು ಒಟ್ಟಿಗೆ ಕೂರಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ?