ನಮ್ಮ ಮನೆಯ ನೀರಿನ ತವರು

ಬೆಳಗಿನ ಜಾವ ವುಝೂ ಮಾಡಲು ನಲ್ಲಿ ತಿರುಗಿಸುವಾಗ, ಅನ್ನಕ್ಕೆ ಅಕ್ಕಿ ತೊಳೆಯುವಾಗ, ಮಕ್ಕಳ ಬಟ್ಟೆ ಒಗೆಯುವಾಗ ಈ ನೀರು ಎಲ್ಲಿಂದ ಬಂತು ಎಂದು ನಾವು ಯೋಚಿಸುವುದಿಲ್ಲ. ನೀರು ಬಾರದ ದಿನ ಮಾತ್ರ ಅದರ ನೆನಪಾಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲೂಕುಗಳ ಸಹೋದರಿಯರು ಒಮ್ಮೆ ಈ ಪ್ರಶ್ನೆಯನ್ನು ಕೇಳಿಕೊಂಡರೆ ಉತ್ತರ ಒಂದೇ ಕಾಡಿಗೆ ಹೋಗಿ ಮುಟ್ಟುತ್ತದೆ. ಅದು ಕುದುರೆಮುಖದ ಮಳೆಕಾಡು.

ಹೊನ್ನಾಳಿ ಪಟ್ಟಣದ ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ. ಚನ್ನಗಿರಿಯ ಭತ್ತದ ಗದ್ದೆ, ಅಡಿಕೆ ತೋಟಗಳಿಗೆ ಭದ್ರಾ ಕಾಲುವೆಯೇ ಆಧಾರ. ಹಳೆಯ ಹೊನ್ನಾಳಿ ತಾಲೂಕಿನಿಂದ ಬೇರ್ಪಟ್ಟು ಹೊಸ ತಾಲೂಕಾದ ನ್ಯಾಮತಿಯ ಕಡೆಯಿಂದ ತುಂಗಾ ಮೇಲ್ದಂಡೆ ಕಾಲುವೆ ಹಾವೇರಿಗೆ ಸಾಗುತ್ತದೆ. ಬರದ ನಾಡೆಂದೇ ಹೆಸರಾದ ಜಗಳೂರಿಗೂ ಈಗ 57 ಕೆರೆಗಳನ್ನು ತುಂಬಿಸುವ ಯೋಜನೆಯ ಮೂಲಕ ತುಂಗಭದ್ರೆಯ ನೀರು ಬರುತ್ತಿದೆ. ಆ ತುಂಗೆ, ಈ ಭದ್ರೆ ಎರಡೂ ಹುಟ್ಟುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಗಂಗಾಮೂಲದಲ್ಲಿ. ಅಲ್ಲಿಂದ ಬೇರೆ ಬೇರೆ ದಾರಿ ಹಿಡಿದು ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಮತ್ತೆ ಒಂದಾಗುತ್ತವೆ.

ಹಾಗಾದರೆ ಆ ಕಾಡು ನಮ್ಮ ಮನೆಯ ನೀರಿನ ತವರು. ತವರನ್ನು ಒಮ್ಮೆಯಾದರೂ ನೋಡಬೇಡವೇ?

ಹೆಂಗಸರ ಪ್ರವಾಸವೆಂದರೆ...

ನಮ್ಮ ಅನೇಕ ಮನೆಗಳಲ್ಲಿ ಬೆಟ್ಟ ಹತ್ತುವುದು, ಕಾಡು ಸುತ್ತುವುದು ಗಂಡು ಹುಡುಗರ ಪಾಲಿಗೆ ಸೇರಿದ ವಿಷಯ. ನಾಲ್ಕು ಮಂದಿ ಗೆಳೆಯರು ಬೈಕ್ ಹತ್ತಿ ಹೊರಟುಬಿಡುತ್ತಾರೆ. ಹೆಂಗಸರ ಪ್ರಯಾಣವೆಂದರೆ ಮದುವೆ, ಬಾಣಂತನ, ಆಸ್ಪತ್ರೆ ಇಷ್ಟೇ. ಎಲ್ಲರೂ ಸೇರಿ ಹೋದರೂ ಅಮ್ಮಿ, ಭಾಬಿಯವರು ಡಬ್ಬಿಗಳನ್ನು ಹೊತ್ತು, ಬಡಿಸಿ, ಪಾತ್ರೆ ತೊಳೆದು ಬರುವುದರಲ್ಲೇ ದಿನ ಮುಗಿದಿರುತ್ತದೆ. ಮನೆಯಲ್ಲಿ ನೀರಿನ ಲೆಕ್ಕ ಇಡುವವಳು ಹೆಣ್ಣು. ಕೊಡ ತುಂಬಿಸುವವಳು, ಇರುವ ಎರಡು ಬಿಂದಿಗೆಯಲ್ಲೇ ಹತ್ತು ಮಂದಿಯನ್ನು ಸಂಭಾಳಿಸುವವಳೂ ಅವಳೇ. ಆ ನೀರು ಹುಟ್ಟುವ ಜಾಗವನ್ನು ನೋಡುವ ಹಕ್ಕು ಮೊದಲು ಅವಳಿಗೇ ಇರಬೇಕು.

ಫಜ್ರ್ ನಮಾಝ್ ಮುಗಿಸಿ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಕುದುರೆಮುಖದ ಸೀಮೆಯನ್ನು ಮುಟ್ಟಬಹುದು. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ದಾರಿ. ಚನ್ನಗಿರಿಯವರು ಭದ್ರಾವತಿ, ನರಸಿಂಹರಾಜಪುರ, ಬಾಳೆಹೊನ್ನೂರು, ಕಳಸದ ಮೂಲಕವೂ ಹೋಗಬಹುದು.

ಮಳೆಯನ್ನು ಹಿಡಿದಿಡುವ ಬೆಟ್ಟಗಳು

ಕುದುರೆಮುಖವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹಬ್ಬಿರುವ ಇದರ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಜಗಳೂರಿನಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯಾದರೆ ಕುದುರೆಮುಖದಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಸುರಿಯುತ್ತದೆ.

ಆದರೆ ಅಷ್ಟು ಮಳೆ ಬಿದ್ದರೆ ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದ ನೀರು ಬೇಸಿಗೆಯಲ್ಲೂ ಹರಿಯಬೇಕಾದರೆ ಅದನ್ನು ಯಾರಾದರೂ ಕೂಡಿಡಬೇಕು. ಆ ಕೆಲಸವನ್ನು ಈ ಕಾಡು ಮಾಡುತ್ತದೆ. ಇಲ್ಲಿ ಬೆಟ್ಟದ ನೆತ್ತಿಯಲ್ಲಿ ಹುಲ್ಲುಗಾವಲು, ಎರಡು ಬೆಟ್ಟಗಳ ಮಡಿಲಲ್ಲಿ ದಟ್ಟವಾದ ಕಾಡು. ಈ ಮಡಿಲ ಕಾಡನ್ನು ಶೋಲಾ ಎನ್ನುತ್ತಾರೆ. ದೂರದಿಂದ ನೋಡಿದರೆ ಹಸಿರು ಚಾದರದ ಮಡಿಕೆಗಳಲ್ಲಿ ಕಡುಹಸಿರು ನೂಲಿನಿಂದ ಕಸೂತಿ ಹಾಕಿದಂತೆ ಕಾಣುತ್ತದೆ. ನೆತ್ತಿಯ ಹುಲ್ಲು ಮಳೆಯ ಹೊಡೆತವನ್ನು ತಡೆದು ಮಣ್ಣನ್ನು ಬೇರಿನಲ್ಲಿ ಹಿಡಿದುಕೊಳ್ಳುತ್ತದೆ. ಶೋಲಾದ ನೆಲದಲ್ಲಿ ವರ್ಷಗಟ್ಟಲೆ ಬಿದ್ದು ಕೊಳೆತ ಎಲೆಗಳ ಪದರ ನೀರನ್ನು ಹೀರಿ, ನಂತರ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಸಂಸಾರ ಬಲ್ಲ ಗೃಹಿಣಿ ಸಂಬಳದ ದಿನವೇ ಎಲ್ಲವನ್ನೂ ಖರ್ಚು ಮಾಡದೆ ತಿಂಗಳ ಕೊನೆಯವರೆಗೆ ಉಳಿಸಿಕೊಳ್ಳುವ ಹಾಗೆ. ಏಪ್ರಿಲ್ ತಿಂಗಳಲ್ಲೂ ನಮ್ಮ ನದಿಗಳಲ್ಲಿ ಒಂದಿಷ್ಟು ನೀರು ಉಳಿದಿದ್ದರೆ ಅದರ ಹಿಂದೆ ಈ ಉಳಿತಾಯವಿದೆ.

ಗಣಿ ನಿಂತ ಕಥೆ

ಈ ಕಾಡಿನ ನಡುವೆಯೇ ದೊಡ್ಡ ಕಬ್ಬಿಣದ ಅದಿರಿನ ಗಣಿಯಿತ್ತು ಎಂಬುದನ್ನು ಇಂದಿನ ಮಕ್ಕಳು ನಂಬಲಾರರು. ಕೇಂದ್ರ ಸರಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ 1976ರಲ್ಲಿ ಆರಂಭವಾಯಿತು. ಬೆಟ್ಟವನ್ನು ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ಉದ್ದನೆಯ ಕೊಳವೆಯ ಮೂಲಕ ಮಂಗಳೂರಿನ ಬಂದರಿಗೆ ಕಳಿಸಲಾಗುತ್ತಿತ್ತು. ಕಾಡಿನ ಮಧ್ಯೆ ಒಂದು ಊರೇ ಎದ್ದು ನಿಂತಿತು. ಸಾವಿರಾರು ಕುಟುಂಬಗಳು ಅದರಿಂದ ಬದುಕಿದವು.

ಆದರೆ ಅಗೆದ ಬೆಟ್ಟದ ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯತೊಡಗಿತು. ನದಿ ಹೊತ್ತು ತರುವ ಹೂಳಿನ ದೊಡ್ಡ ಪಾಲು ಗಣಿಯ ಆ ಸಣ್ಣ ಪ್ರದೇಶದಿಂದಲೇ ಬರುತ್ತಿದೆ ಎಂದು ವಿಜ್ಞಾನಿಗಳು ಅಳೆದು ತೋರಿಸಿದರು. ಆ ಹೂಳು ಹೋಗಿ ಸೇರುವುದು ಲಕ್ಕವಳ್ಳಿಯ ಭದ್ರಾ ಜಲಾಶಯವನ್ನು. ಒಂದು ಲಕ್ಷ ಹೆಕ್ಟೇರ್‌ಗೂ ಹೆಚ್ಚು ಜಮೀನಿಗೆ ನೀರುಣಿಸುವ ಜಲಾಶಯ ಅದು. ಅರಣ್ಯಾಧಿಕಾರಿಯಾಗಿ ದುಡಿದು ನಿವೃತ್ತರಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2002ರ ಅಕ್ಟೋಬರ್ 30ರಂದು ಬಂದ ತೀರ್ಪಿನಂತೆ 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಚಿಣ್ಣಪ್ಪನವರು 2024ರಲ್ಲಿ ತೀರಿಕೊಂಡರು.

ಗಣಿ ನಿಂತಾಗ ಕೆಲಸ ಕಳೆದುಕೊಂಡ ಮನೆಗಳ ಕಣ್ಣೀರೂ ಸುಳ್ಳಲ್ಲ. ಇಂದು ಕುದುರೆಮುಖ ಪಟ್ಟಣದಲ್ಲಿ ಪಾಳುಬಿದ್ದ ಮನೆಗಳ ಸಾಲನ್ನು ನೋಡಿದಾಗ ಮನಸ್ಸು ಭಾರವಾಗುತ್ತದೆ. ಕಾಡಿನೊಳಗೆ ತಲೆಮಾರುಗಳಿಂದ ಬಾಳಿದ ಮಲೆಕುಡಿಯ, ಗೌಡಲು ಕುಟುಂಬಗಳೂ ಉದ್ಯಾನದ ಕಾನೂನುಗಳ ನಡುವೆ ಕಷ್ಟಪಟ್ಟಿವೆ. ಕೆಳಗೆ ಬಯಲಿನಲ್ಲಿ ಕುಳಿತು ನೀರು ಕುಡಿಯುವ ನಾವು ಇವರೆಲ್ಲರ ಋಣದಲ್ಲಿದ್ದೇವೆ.

ನೆಲಕ್ಕಿಳಿಯದ ಸಿಂಗಳೀಕ

ಈ ಕಾಡಿನ ಅತಿ ವಿಶೇಷ ಪ್ರಾಣಿ ಸಿಂಗಳೀಕ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದ ಬಾಲದಂತಹ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇದು ಇಲ್ಲ. ಇದರ ಬದುಕೆಲ್ಲ ಮರದ ಮೇಲೆಯೇ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ಹೆಣ್ಣು ಸಿಂಗಳೀಕ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ಮುಂದಿನ ಮರಿಗೆ ವರ್ಷಗಳೇ ಬೇಕು. ಹಾಗಾಗಿ ಕಾಡು ತುಂಡಾದರೆ ಅವುಗಳ ಸಂಸಾರವೂ ತುಂಡಾಗುತ್ತದೆ. ರಸ್ತೆ ಬದಿಯಲ್ಲಿ ಬಿಸ್ಕತ್ತು, ಬಾಳೆಹಣ್ಣು ಎಸೆದರೆ ಅವು ನೆಲಕ್ಕಿಳಿದು ವಾಹನಗಳಿಗೆ ಸಿಕ್ಕಿ ಸಾಯುತ್ತವೆ. ಮಕ್ಕಳಿಗೆ ಮೊದಲೇ ತಿಳಿಹೇಳಿ: ಕಾಡುಪ್ರಾಣಿಗೆ ತಿನಿಸು ಕೊಡುವುದು ಪುಣ್ಯದ ಕೆಲಸವಲ್ಲ.

ಹುಲಿ, ಚಿರತೆ, ಕಾಟಿ, ಕಡವೆ ಎಲ್ಲವೂ ಇಲ್ಲಿವೆ. ಅವು ಕಣ್ಣಿಗೆ ಬೀಳದಿದ್ದರೆ ಬೇಸರ ಬೇಡ. ಕೆಂಜಳಿಲು ಮರದಿಂದ ಮರಕ್ಕೆ ಹಾರುವುದನ್ನು, ಮನುಷ್ಯರಂತೆ ಶಿಳ್ಳೆ ಹಾಕುವ ಸಿಳ್ಳಾರ ಹಕ್ಕಿಯನ್ನು ಕೇಳಲು ಸುಮ್ಮನೆ ಹತ್ತು ನಿಮಿಷ ನಿಂತರೆ ಸಾಕು.

ಹತ್ತುವವರಿಗೆ, ಹತ್ತಲಾಗದವರಿಗೆ

ಕುದುರೆಮುಖ ಶಿಖರ 1,890 ಮೀಟರ್‌ಗೂ ಎತ್ತರ. ಕಳಸದ ಕಡೆಯ ಮುಳ್ಳೋಡಿಯಿಂದ ಹತ್ತಿ ಇಳಿಯಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಬೆಳಗ್ಗೆ ಹೊರಟು ಸಂಜೆಯೊಳಗೆ ಮರಳಬೇಕು, ಮೇಲೆ ತಂಗುವಂತಿಲ್ಲ. 2024ರಲ್ಲಿ ಚಾರಣಿಗರ ನೂಕುನುಗ್ಗಲು ಮಿತಿಮೀರಿದ ಮೇಲೆ ಅರಣ್ಯ ಇಲಾಖೆ ದಿನಕ್ಕೆ ಇಷ್ಟೇ ಜನ ಎಂದು ನಿಗದಿಪಡಿಸಿ, ಅಂತರ್ಜಾಲದಲ್ಲಿ ಮೊದಲೇ ಹೆಸರು ನೋಂದಾಯಿಸುವ ವ್ಯವಸ್ಥೆ ತಂದಿದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯವಿದ್ದಾಗ ದಾರಿ ಮುಚ್ಚುವುದೂ ಉಂಟು. ವಿಚಾರಿಸಿಯೇ ಹೊರಡಿ. ಮೊದಲ ಬಾರಿ ಹೋಗುವವರಿಗೆ ಅಕ್ಟೋಬರ್‌ನಿಂದ ಜನವರಿವರೆಗಿನ ದಿನಗಳು ಹಿತ.

ನಾನಿ, ದಾದಿಯವರು, ಮಂಡಿನೋವಿನವರು, ಎಳೆಮಕ್ಕಳ ತಾಯಂದಿರು ಶಿಖರದ ಆಸೆ ಪಡಬೇಕಿಲ್ಲ. ಶೃಂಗೇರಿಯಿಂದ ಕುದುರೆಮುಖಕ್ಕೆ ಹೋಗುವ ರಸ್ತೆಯೇ ಕಾಡಿನ ನಡುವಿನದು. ತನಿಕೋಡು ಚೆಕ್‌ಪೋಸ್ಟ್‌ನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಆ ಸಮಯದೊಳಗೆ ದಾಟಬೇಕು. ಕಂಡಲ್ಲಿ ಗಾಡಿ ನಿಲ್ಲಿಸಿ ಊಟಕ್ಕೆ ಚಾಪೆ ಹಾಸುವಂತಿಲ್ಲ. ಸೂತನಬ್ಬಿ ಅಥವಾ ಹನುಮಾನಗುಂಡಿ ಜಲಪಾತಕ್ಕೆ ಮೆಟ್ಟಿಲುಗಳಿವೆ. ಇಳಿಯುವುದು ಸುಲಭ, ಹತ್ತುವಾಗ ಉಸಿರು ಕಟ್ಟುತ್ತದೆ ಎಂಬುದು ನೆನಪಿರಲಿ.

ಉಂಬಳ, ಉಣುಗು ಮತ್ತು ಉಡುಪು

ಮಳೆಗಾಲದಲ್ಲಿ ಉಂಬಳಗಳ ಕಾಟ ತಪ್ಪಿದ್ದಲ್ಲ. ಕಚ್ಚಿದರೆ ಹೆದರಬೇಡಿ. ಉಗುರಿನಿಂದ ಮೆಲ್ಲಗೆ ಜಾರಿಸಿ ಬಿಡಿಸಿ, ಸೋಪು ನೀರಿನಲ್ಲಿ ತೊಳೆಯಿರಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಡುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಅಷ್ಟೆ.

ಉಂಬಳಕ್ಕಿಂತ ಎಚ್ಚರ ಬೇಕಾದದ್ದು ಉಣುಗಿನ ಬಗ್ಗೆ. ಮಂಗನ ಕಾಯಿಲೆಯನ್ನು ಹರಡುವುದು ಈ ಸಣ್ಣ ಉಣುಗೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ರೋಗ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಮಲೆನಾಡಿನಲ್ಲಿ ಹೆಚ್ಚು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಎಲೆರಾಶಿಯ ಮೇಲೆ ಕೂರಬೇಡಿ. ಮರಳಿ ಬಂದೊಡನೆ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ. ನಂತರ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಉಡುಪಿನ ಬಗ್ಗೆ ಚಿಂತೆ ಬೇಡ. ಸಲ್ವಾರಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಒಳ್ಳೆಯ ಹಿಡಿತದ ಬೂಟು ಧರಿಸಿ. ಬುರ್ಖಾ ನೆಲಕ್ಕೆ ತಾಗಿ ಕಾಲಿಗೆ ತೊಡರದಷ್ಟು ಎತ್ತರದಲ್ಲಿರಲಿ. ಗಾಢ ಬಣ್ಣದ ಬಟ್ಟೆಯ ಮೇಲೆ ಉಣುಗು ಕಾಣುವುದಿಲ್ಲ. ಆದ್ದರಿಂದ ತಿಳಿ ಬಣ್ಣ ಉತ್ತಮ.

ನಮ್ಮ ಮನೆ ಬಾಗಿಲಲ್ಲೂ ಕಾಡಿದೆ

ದೂರದ ಪ್ರಯಾಣ ಆಗದವರಿಗೆ ಹತ್ತಿರದಲ್ಲೇ ಇನ್ನೊಂದು ಕಾಡಿದೆ. ಜಗಳೂರು ತಾಲೂಕಿನ ರಂಗಯ್ಯನದುರ್ಗದಲ್ಲಿ ಸುಮಾರು 77 ಚದರ ಕಿಲೋಮೀಟರ್ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿ ಅಭಯಾರಣ್ಯವೆಂದು ಘೋಷಿಸಲಾಯಿತು. ಕೊಂಡುಕುರಿ ಎಂದರೆ ನಾಲ್ಕು ಕೊಂಬಿನ ಸಣ್ಣ ಜಿಂಕೆಯಂಥ ಪ್ರಾಣಿ. ತೂಕ ಸುಮಾರು 20 ಕಿಲೋ. ಗಂಡಿಗೆ ಮಾತ್ರ ಕೊಂಬು. ಜಗತ್ತಿನ ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಹುಟ್ಟುವುದು ಇದಕ್ಕೊಂದಕ್ಕೇ. ಭಾರತ ಮತ್ತು ನೇಪಾಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನಾಚಿಕೆಯ ಪ್ರಾಣಿ, ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ. ನೀರಿನ ನೆಲೆಯಿಂದ ಬಹುದೂರ ಹೋಗದು. ಮಳೆ ಕಡಿಮೆಯಾದ ನಾಡಿನಲ್ಲಿ ಒಂದು ಗುಂಡಿ ನೀರಿನ ಬೆಲೆ ಏನೆಂಬುದು ಜಗಳೂರಿನ ತಾಯಂದಿರಂತೆಯೇ ಈ ಕೊಂಡುಕುರಿಗೂ ಗೊತ್ತು. ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಳಗೆ ಹೋಗಬೇಕು.

ಚನ್ನಗಿರಿ, ನ್ಯಾಮತಿಯವರಿಗೆ ಕಾಡು ಬೇರೊಂದು ರೂಪದಲ್ಲಿ ಮನೆ ಬಾಗಿಲಿಗೆ ಬಂದಿದೆ. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲೂಕಿನಲ್ಲಿ ಕಾಡಾನೆಯ ದಾಳಿಗೆ ಎಳೆಯ ಹುಡುಗಿಯೊಬ್ಬಳು ಬಲಿಯಾದಳು. ಆನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಪಶುವೈದ್ಯರೊಬ್ಬರು ತೀವ್ರವಾಗಿ ಗಾಯಗೊಂಡರು. ಮಗಳನ್ನು ಕಳೆದುಕೊಂಡ ತಾಯಿಗೆ ಕಾಡಿನ ಸೊಬಗಿನ ಮಾತು ಹೇಳಲು ಯಾರಿಗೂ ಬಾಯಿ ಬಾರದು. ಆದರೆ ಕಾಡು ಒಡೆದು ಚೂರಾದಷ್ಟೂ ಆನೆ ಊರಿಗೆ ಬರುವುದು ಹೆಚ್ಚುತ್ತದೆ. ಕಾಡು ಗಟ್ಟಿಯಾಗಿರುವುದರಲ್ಲೇ ಊರಿನ ನೆಮ್ಮದಿಯೂ ಇದೆ.

ತವರಿನಿಂದ ಏನು ತರಬೇಕು?

ಕಾಡಿನಿಂದ ಹೂವು, ಬಳ್ಳಿ, ಕಲ್ಲು ಯಾವುದನ್ನೂ ತರಬೇಡಿ. ಒಯ್ದ ಪ್ಲಾಸ್ಟಿಕ್, ಬಿರಿಯಾನಿಯ ಪೊಟ್ಟಣ, ಮಗುವಿನ ಡಯಾಪರ್ ಎಲ್ಲವನ್ನೂ ಮರಳಿ ತನ್ನಿ. ಹೊಳೆಯಲ್ಲಿ ಸೋಪು ಹಚ್ಚಬೇಡಿ. ಅಲ್ಲಿ ಕೊಳೆ ಬಿಟ್ಟರೆ ಅದು ಹರಿದು ಬರುವುದು ನಮ್ಮ ಕಡೆಗೇ. ನಮಾಝ್‌ನ ಹೊತ್ತಾದರೆ ಕಳಸ, ಕೊಪ್ಪದಂತಹ ಊರುಗಳಲ್ಲೇ ಮುಗಿಸಿಕೊಂಡು ಹೊರಟರೆ ಅನುಕೂಲ. ತೊರೆಯ ಬಳಿ ವುಝೂ ಮಾಡಬೇಕಾಗಿ ಬಂದರೆ ಒಂದು ಲೋಟದಲ್ಲಿ ನೀರು ತೆಗೆದುಕೊಂಡು ದಡದಲ್ಲಿ ಮಾಡಿ. ಹರಿಯುವ ನದಿಯ ಪಕ್ಕದಲ್ಲಿದ್ದರೂ ನೀರನ್ನು ಪೋಲು ಮಾಡಬಾರದೆಂಬ ಪಾಠವನ್ನು ನಾವೆಲ್ಲ ಬಾಲ್ಯದಿಂದಲೇ ಕೇಳಿದ್ದೇವೆ. ಆ ಪಾಠದ ಅರ್ಥ ನದಿ ಹುಟ್ಟುವ ಜಾಗದಲ್ಲಿ ನಿಂತಾಗ ಇನ್ನಷ್ಟು ಚೆನ್ನಾಗಿ ಮನಸ್ಸಿಗಿಳಿಯುತ್ತದೆ.

ಮನೆಗೆ ಬಂದ ಮೇಲೆ ಮಕ್ಕಳಿಗೆ ಒಂದು ಹಾಳೆ ಕೊಡಿ. ಗಂಗಾಮೂಲದಿಂದ ಶುರುಮಾಡಿ ಲಕ್ಕವಳ್ಳಿ, ಕೂಡಲಿ, ಹೊನ್ನಾಳಿ, ಕಾಲುವೆ, ಕೆರೆ, ಕೊನೆಗೆ ತಮ್ಮ ಮನೆಯ ನಲ್ಲಿಯವರೆಗೆ ನೀರಿನ ದಾರಿಯನ್ನು ಬರೆಯಲು ಹೇಳಿ. ಹಾಗೆ ಬರೆದ ಮಗು ಹಲ್ಲುಜ್ಜುವಾಗ ನಲ್ಲಿಯನ್ನು ಸುಮ್ಮನೆ ಹರಿಯಬಿಡದು. ನೀರಿನ ತವರು ತಣ್ಣಗಿದ್ದರೆ ಮಾತ್ರ ನಮ್ಮ ಮನೆಯ ಬಿಂದಿಗೆ ತುಂಬುತ್ತದೆ.