ಹಗಲಿನ ಬಿಸಿಲು, ಇರುಳಿನ ಪಂಪು

ಮಾರ್ಮಗೋವೆಯ ಬಂದರದಲ್ಲಿ ಹಡಗಿನಿಂದಿಳಿದ ಕಲ್ಲಿದ್ದಲು ರೈಲಿನಲ್ಲಿ ಘಟ್ಟವನ್ನೇರಿ, ಧಾರವಾಡ ಹುಬ್ಬಳ್ಳಿಗಳನ್ನು ಹಾಯ್ದು, ಗದಗಿನ ಮೇಲಿಂದ ತೋರಣಗಲ್ಲಿನ ಉಕ್ಕಿನ ಕಾರಖಾನೆಗೆ ಸಾಗುವದು. ಅದೇ ಗದಗಿನ ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಲಿವೆ. ಹಳೆಯ ಶಕ್ತಿಯೂ ಹೊಸ ಶಕ್ತಿಯೂ ಹೀಗೆ ನಮ್ಮ ಕಣ್ಣೆದುರಿನಲ್ಲಿಯೇ ಅಕ್ಕಪಕ್ಕದಲ್ಲಿರಲು, ಇಂಗಾಲವನ್ನು ಕಡಿಮೆ ಉಗುಳುವ ಶಕ್ತಿವ್ಯವಸ್ಥೆಯೆಂಬುದು ದಿಲ್ಲಿಯ ಇಲ್ಲವೆ ಪರದೇಶದ ಸಭೆಗಳಿಗೆ ಸಂಬಂಧಿಸಿದ ವಿಷಯವೆಂದು ಹುಬ್ಬಳ್ಳಿ-ಧಾರವಾಡದ ಸುಶಿಕ್ಷಿತ ನಾಗರಿಕರು ಸುಮ್ಮನಿರುವದು ನಮಗೆ ಸೋಜಿಗವೆನಿಸುತ್ತದೆ. 2021ರಲ್ಲಿ ಗ್ಲಾಸ್ಗೋ ನಗರದ ಪರಿಷತ್ತಿನಲ್ಲಿ ಭಾರತವು 2070ರ ಹೊತ್ತಿಗೆ ತನ್ನ ಇಂಗಾಲದ ನಿವ್ವಳ ಲೆಕ್ಕವನ್ನು ಸೊನ್ನೆಗೆ ತರುವದಾಗಿ ವಚನವಿತ್ತಿತು. ವಚನ ಕೊಟ್ಟದ್ದು ಅಲ್ಲಿ. ಅದನ್ನು ಸಲ್ಲಿಸಬೇಕಾದ ಹೊಲ, ಗುಡ್ಡ, ಜಲಾಶಯ, ತಂತಿಗಳು ಇರುವದು ಇಲ್ಲಿ.

ಕನ್ನಡನಾಡಿಗೆ ಹೊಗೆಯಿಲ್ಲದ ವಿದ್ಯುತ್ತು ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದಲ್ಲಿ ಕಾವೇರಿಯ ಧಾರೆಯಿಂದ ಹುಟ್ಟಿದ ವಿದ್ಯುತ್ತು ತೊಂಬತ್ತು ಮೈಲಿಗೂ ಮಿಕ್ಕ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1948ರಲ್ಲಿ ಜೋಗದ ವಿದ್ಯುದಾಗಾರ, ಅನಂತರ ಲಿಂಗನಮಕ್ಕಿ, ಆಮೇಲೆ ಕಾಳಿನದಿಯ ಸೂಪಾ. ಸೂಪಾ ಎಂಬ ಊರೇ ನೀರಿನಡಿಗೆ ಹೋಯಿತು. ಶರಾವತಿಯ ಮುಳುಗಡೆಯ ಕುಟುಂಬಗಳು ಭೂಮಿಯ ಹಕ್ಕಿಗಾಗಿ ಇಂದಿಗೂ ಕಚೇರಿಗಳನ್ನು ಅಲೆಯುತ್ತಿವೆ. ಹೊಗೆಯಿಲ್ಲದ ಮಾತ್ರಕ್ಕೆ ಶಕ್ತಿಯು ನಿರ್ದೋಷಿಯಾಗುವದಿಲ್ಲವೆಂಬ ಈ ಅನುಭವವನ್ನು ಇಂದಿನ ಯೋಜಕರು ಮರೆಯತಕ್ಕದ್ದಲ್ಲ. 1985ರಲ್ಲಿ ರಾಯಚೂರಿನ ಶಕ್ತಿನಗರದ ಮೊದಲ ಘಟಕವು ಚಾಲೂ ಆದಂದಿನಿಂದ ನಾವು ಕಲ್ಲಿದ್ದಲನ್ನು ನೆಚ್ಚಿದೆವು. ರಾಯಚೂರಿನ ಹಿಂದೆ ಬಳ್ಳಾರಿ, ಯರಮರಸ್ ಬಂದವು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟಿನ ಸ್ಥಾವರವು ಎದ್ದಿತು. ಕರ್ನಾಟಕದಲ್ಲಿ ಒಂದೇ ಒಂದು ಕಲ್ಲಿದ್ದಲ ಗಣಿಯೂ ಇಲ್ಲ, ಸುಡುವದೆಲ್ಲ ಪರಸ್ಥಳದ್ದು. ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೆ ಈಗ ರೈಲು ವಿದ್ಯುತ್ತಿನಿಂದ ಓಡುತ್ತದೆಂದು ನಾವೆಲ್ಲ ಹಿಗ್ಗಿದೆವು, ಹಿಗ್ಗತಕ್ಕದ್ದೇ. ಆದರೆ ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದಷ್ಟು ಮಟ್ಟಿಗೆ ಹೊಗೆಯು ನಮ್ಮ ನಿಲ್ದಾಣವನ್ನು ಬಿಟ್ಟು ಕೂಡಗಿಗೆ ಬಿಡಾರ ಬದಲಿಸಿದೆ, ಅಷ್ಟೆ.

ಇದಕ್ಕೆ ಪ್ರತಿಯಾಗಿ ಪಾವಗಡದ ಕಡೆಗೆ ಬೆರಳು ಮಾಡುವವರುಂಟು. ತುಮಕೂರು ಜಿಲ್ಲೆಯ ಆ ಬರಗಾಲದ ತಾಲೂಕಿನಲ್ಲಿ 13,000 ಎಕರೆಯ ಮೇಲೆ ಹರಡಿದ 2050 ಮೆಗಾವಾಟಿನ ಸೌರ ಉದ್ಯಾನವು 2019ರ ಕೊನೆಗೆ ಪೂರ್ಣವಾಯಿತು. ಅಲ್ಲಿ ಸರಕಾರವು ಒಕ್ಕಲಿಗರ ಭೂಮಿಯನ್ನು ಕಸಿಯಲಿಲ್ಲ, ಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆಯೊಡನೆ, ನಮ್ಮ ಕಡೆಯ ಮಾತಿನಲ್ಲಿ ಹೇಳುವದಾದರೆ ಲಾವಣಿಗೆ ಹಿಡಿಯಿತು. ಇದನ್ನು ನಾವು ಮುಕ್ತಕಂಠದಿಂದ ಮೆಚ್ಚುತ್ತೇವೆ. ಹೊಲವಿಲ್ಲದ ಕೂಲಿಕಾರನಿಗೂ ಕುರಿ ಮೇಯಿಸುವವನಿಗೂ ಆ ಲಾವಣಿಯಲ್ಲಿ ಪಾಲಿಲ್ಲದಿರುವ ಸಂಗತಿಯನ್ನು ಮಾತ್ರ ಮುಂದಿನ ಇಂಥ ಯೋಜನೆಗಳನ್ನು ಬರೆಯುವವರು ತಮ್ಮ ಕಾಗದದ ಮೇಲೆ ಮೊದಲೇ ಗುರುತು ಹಾಕಿಕೊಳ್ಳಲಿ.

ಆದರೆ ಸೂರ್ಯನು ಸಂಜೆಗೆ ಮುಳುಗುವನು. ಪಾವಗಡದ ಎರಡು ಸಾವಿರ ಮೆಗಾವಾಟೂ ಅವನೊಡನೆ ಮುಳುಗುವದು. ದೀಪ ಹಚ್ಚುವ ಹೊತ್ತಿಗೇ ಊರಿನ ಬೇಡಿಕೆಯು ಏರುವದು. ಗಾಳಿಯಾದರೋ ಮುಂಗಾರಿನ ತಿಂಗಳುಗಳಲ್ಲಿ ಧಾರಾಳ, ಉಳಿದ ಕಾಲಕ್ಕೆ ಜಿಪುಣ. ಜಲಾಶಯಗಳು ಮಳೆರಾಯನ ಕೈಯಲ್ಲಿವೆ. 2023ರಲ್ಲಿ ಮುಂಗಾರು ಕೈಕೊಟ್ಟು, ಲಿಂಗನಮಕ್ಕಿ ತುಂಬದೆ, ಬೆಳೆ ಒಣಗಿ ಪಂಪುಸೆಟ್ಟುಗಳೆಲ್ಲ ಒಮ್ಮೆಗೇ ಚಾಲೂ ಆದಾಗ ಏನಾಯಿತೆಂಬುದು ಎಲ್ಲರಿಗೂ ನೆನಪಿದ್ದೀತು. ಆ ಅಕ್ಟೋಬರಿನಲ್ಲಿ ಒಕ್ಕಲಿಗನ ಏಳು ತಾಸಿನ ವಿದ್ಯುತ್ತು ಐದು ತಾಸಿಗಿಳಿದು, ಸರಕಾರವು ಉತ್ತರ ಪ್ರದೇಶ ಪಂಜಾಬುಗಳಿಂದ ಕೈಗಡ ತರಬೇಕಾಯಿತು. ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಿಸಿಲು ಗಾಳಿ ನೀರುಗಳದ್ದೆಂದು ಬೀಗುವ ರಾಜ್ಯದ ಅವಸ್ಥೆ ಇದು. ಆದ್ದರಿಂದ ಇನ್ನು ಮೇಲೆ ಎಷ್ಟು ಮೆಗಾವಾಟೆಂಬ ಪ್ರಶ್ನೆಗಿಂತಲೂ ಯಾವ ಹೊತ್ತಿಗೆ, ಯಾರಿಗೆ ಎಂಬ ಪ್ರಶ್ನೆಗಳೇ ಹಿರಿದಾದವುಗಳೆಂದು ನಮ್ಮ ಅಭಿಪ್ರಾಯ.

ಈ ಹೊತ್ತಿನ ಪ್ರಶ್ನೆಯು ಎಲ್ಲಕ್ಕಿಂತ ಕ್ರೂರವಾಗಿ ಕಾಣುವದು ನಮ್ಮ ಹಳ್ಳಿಗಳ ಹೊಲಗಳಲ್ಲಿ. ಒಕ್ಕಲಿಗನು ನಡುರಾತ್ರಿಗೆ ಬರುವ ತ್ರೀಫೇಸ್ ವಿದ್ಯುತ್ತಿಗಾಗಿ ಬ್ಯಾಟರಿ ಹಿಡಿದು ಬೋರಿನ ಕಡೆಗೆ ಹೊರಡುತ್ತಾನೆ. ಕಬ್ಬಿನ ಸಾಲಿನಲ್ಲಿ ಹಾವು, ಒದ್ದೆ ನೆಲದಲ್ಲಿ ಕಡಿದುಬಿದ್ದ ತಂತಿ, ಮರುದಿನ ನಿದ್ದೆಗೆಟ್ಟ ಮೈಯಲ್ಲಿ ಮತ್ತೆ ಕೆಲಸ. ಈ ಪದ್ಧತಿ ಹುಟ್ಟಿದ್ದಾದರೂ ಏಕೆ? ಕಲ್ಲಿದ್ದಲಿನ ಸ್ಥಾವರದ ಒಲೆಯನ್ನು ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸುವದು ಸುಲಭವಲ್ಲ. ಗಿರಣಿ ಕಚೇರಿಗಳು ಮಲಗಿದ ಹೊತ್ತಿನಲ್ಲಿ ಅದು ಸುರಿಯುವ ವಿದ್ಯುತ್ತಿಗೆ ಗಿರಾಕಿ ಬೇಕಿತ್ತು. ಆ ಗಿರಾಕಿಯನ್ನಾಗಿ ಒಕ್ಕಲಿಗನನ್ನು ಹಿಡಿದರು. ವ್ಯವಸ್ಥೆಯ ಅನುಕೂಲಕ್ಕಾಗಿ ಮನುಷ್ಯನು ಎಚ್ಚತ್ತಿರಬೇಕಾಯಿತು. ಈಗ ಕಾಲಚಕ್ರವು ತಿರುಗಿದೆ. ಹೆಚ್ಚಾಗಿ ಉಳಿಯುವ ವಿದ್ಯುತ್ತು ರಾತ್ರಿಯದಲ್ಲ, ಮಧ್ಯಾಹ್ನದ ಬಿಸಿಲಿನದು. ಅಂದಿನ ತರ್ಕವನ್ನೇ ಒಪ್ಪಿ ನಡೆದರೂ ಪಂಪುಸೆಟ್ಟು ಹಗಲಿಗೆ ಬರತಕ್ಕದ್ದು. ಹಗಲಲ್ಲಿ ಎತ್ತಿದ ನೀರು ಕೃಷಿಹೊಂಡದಲ್ಲಿ ನಿಂತು ಬೇಕಾದಾಗ ಹೊಲಕ್ಕೆ ಹರಿಯುವದು. ಕೋಟಿಗಟ್ಟಲೆ ಬೆಲೆಯ ಬ್ಯಾಟರಿಯು ಮಾಡುವ ಕೆಲಸವನ್ನು ಮಣ್ಣಿನ ಹೊಂಡವೂ ಒಂದಿಷ್ಟು ಮಾಡುವದು. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ನೀರೆತ್ತುವದಕ್ಕೇ ವೆಚ್ಚವಾಗುವಾಗ, ಈ ಪಾಲನ್ನು ಇರುಳಿನಿಂದ ಹಗಲಿಗೆ ಸರಿಸುವದಕ್ಕಿಂತ ದೊಡ್ಡ ಸುಧಾರಣೆ ಮತ್ತಾವುದು?

ಉಪಾಯವೂ ಗೊತ್ತಿಲ್ಲದ್ದಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ತಂತಿಯನ್ನೂ ಹೊಲದ ತಂತಿಯನ್ನೂ ಬೇರ್ಪಡಿಸುವ ಕೆಲಸ ನಡೆಯಿತು. ಕೇಂದ್ರ ಸರಕಾರವು 2019ರಲ್ಲಿ ಹೊರಡಿಸಿದ ಕುಸುಮ್ ಯೋಜನೆಯ ಪ್ರಕಾರ ಸಬ್‌ಸ್ಟೇಷನ್ನಿನ ಮಗ್ಗುಲಲ್ಲಿಯೇ ಸೌರಫಲಕಗಳನ್ನು ನಿಲ್ಲಿಸಿ ಆ ಹೊಲದ ಫೀಡರಿಗೆ ಹಗಲು ವಿದ್ಯುತ್ತನ್ನು ಕೊಡಬಹುದು. ಪಾವಗಡದಿಂದ ನೂರಾರು ಮೈಲಿ ತಂತಿಯಲ್ಲಿ ಸೋರಿ ಬರುವದಕ್ಕಿಂತ ಹೊಲದ ಬದುವಿನಲ್ಲಿಯೇ ಹುಟ್ಟುವ ವಿದ್ಯುತ್ತು ಮೇಲಲ್ಲವೇ?

ಇಲ್ಲಿ ಒಂದು ಅಡ್ಡಿಯುಂಟು. ನಮ್ಮ ಮುಖಂಡರು ಯಾರೂ ಇದನ್ನು ಗಟ್ಟಿಯಾಗಿ ಆಡಲೊಲ್ಲರು. ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ 2008ರಿಂದ ವಿದ್ಯುತ್ತು ಪುಕ್ಕಟೆ. ಪುಕ್ಕಟೆಯಾದುದಕ್ಕೆ ಮೀಟರೇತಕ್ಕೆ? ಬಹುತೇಕ ಪಂಪುಗಳಿಗೆ ಮೀಟರಿಲ್ಲ. ಅವು ಕುಡಿದ ವಿದ್ಯುತ್ತನ್ನು ಕಂಪನಿಗಳು ಅಂದಾಜಿನಿಂದ ಬರೆದುಕೊಂಡು, ಸರಕಾರದಿಂದ ಸಹಾಯಧನವನ್ನು ಕೇಳುತ್ತವೆ. ಅಂದಾಜಿನ ಚೀಲದಲ್ಲಿ ಏನನ್ನಾದರೂ ತುಂಬಬಹುದು. ತಂತಿಯಲ್ಲಿ ಸೋರಿದ್ದೂ, ಕದ್ದುಹೋದದ್ದೂ ಒಕ್ಕಲಿಗನ ಹೆಸರಿಗೆ ಖರ್ಚು ಬೀಳಬಹುದು. ನವನಗರದಲ್ಲಿ ಮುಖ್ಯ ಕಚೇರಿಯುಳ್ಳ ಹೆಸ್ಕಾಂ 2002ರಿಂದ ನಮ್ಮ ಏಳು ಜಿಲ್ಲೆಗಳಿಗೆ ವಿದ್ಯುತ್ತು ಹಂಚುತ್ತಿದೆ. ತನ್ನ ಅತಿ ದೊಡ್ಡ ಗಿರಾಕಿಯು ಎಷ್ಟು ಬಳಸಿದನೆಂಬುದನ್ನು ಅಂದಾಜಿನಲ್ಲಿ ಹೇಳುವ ಅಂಗಡಿಗೆ ನಮ್ಮ ದುರ್ಗದಬೈಲಿನ ಯಾವ ವ್ಯಾಪಾರಿ ಉದ್ದರಿ ಕೊಟ್ಟಾನು? ಮೀಟರು ಕೂಡ್ರಿಸುವದೆಂದರೆ ಬಿಲ್ಲು ಕೊಡುವದೆಂದಲ್ಲ. ಒಕ್ಕಲಿಗನ ಪುಕ್ಕಟೆ ವಿದ್ಯುತ್ತನ್ನು ಕಸಿಯಬೇಕೆಂದು ನಾವು ಹೇಳುತ್ತಿಲ್ಲ. ಮನೆಮನೆಗೆ 2023ರಿಂದ ಬಂದಿರುವ ಗೃಹಜ್ಯೋತಿಯ ಬಗೆಗೂ ಬಡವರ ಮಟ್ಟಿಗೆ ನಮ್ಮ ತಕರಾರಿಲ್ಲ. ಅಳೆಯದೆ ಮಾಡಿದ ಯೋಜನೆಯು ಗಾಳಿಗೋಪುರವೆಂದಷ್ಟೇ ನಮ್ಮ ಹೇಳಿಕೆ. ಅಳತೆಯ ಅವಶ್ಯಕತೆಗೆ ಇನ್ನೊಂದು ಕಾರಣವೂ ಉಂಟು: ಹಗಲೆಲ್ಲ ಬಿಸಿಲಿನ ವಿದ್ಯುತ್ತು ಸಿಕ್ಕಿತೆಂದು ಪಂಪುಗಳು ನಿಲ್ಲದೆ ಓಡಿದರೆ ನೆಲದೊಳಗಿನ ನೀರು ಬತ್ತುವದು. 2014ರ ಸೂರ್ಯರೈತ ಯೋಜನೆಯು ಇದಕ್ಕೊಂದು ಜಾಣ ಉತ್ತರವನ್ನು ಸೂಚಿಸಿತ್ತು. ಕನಕಪುರ ತಾಲೂಕಿನ ಹಾರೋಬೆಲೆಯಲ್ಲಿ ಒಕ್ಕಲಿಗರು ತಮ್ಮ ಸೌರಪಂಪಿನ ಮಿಕ್ಕ ವಿದ್ಯುತ್ತನ್ನು ಕಂಪನಿಗೆ ಮಾರುವ ಏರ್ಪಾಟು ಅದು. ನೀರನ್ನು ಎತ್ತದೆ ಬಿಟ್ಟರೂ ಹಣ. ಅದು ನಾಡಿನ ತುಂಬ ಹಬ್ಬದೆ ಹೋದದ್ದು ವಿಷಾದಕರ.

ಇನ್ನು ಸಂಜೆಯ ದೀಪಕ್ಕೆ ಯೋಜಕರ ಉತ್ತರವೆಂದರೆ ನೀರನ್ನು ಮೇಲೆತ್ತಿ ಕೆಳಗೆ ಬಿಡುವ ಸ್ಥಾವರಗಳು. ಬಿಸಿಲಿದ್ದಾಗ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತುವದು, ಕತ್ತಲಾದಾಗ ಇಳಿಬಿಟ್ಟು ವಿದ್ಯುತ್ತು ಪಡೆಯುವದು. ನೂರು ಯೂನಿಟ್ಟು ಹಾಕಿದರೆ ಎಪ್ಪತ್ತೈದು ಎಂಬತ್ತು ಮರಳಿ ಬರುವದು. ಶರಾವತಿಯಲ್ಲಿ ತಲಕಳಲೆ ಗೇರುಸೊಪ್ಪೆಗಳ ನಡುವೆ 2000 ಮೆಗಾವಾಟಿನ ಇಂಥ ಯೋಜನೆಯನ್ನು ಹೂಡಲಾಗಿದೆ; ಅಲ್ಲಿಯದು ಸಿಂಗಳೀಕಗಳ ಕಾಡು. ನಮ್ಮ ಮಗ್ಗುಲಲ್ಲಿಯೇ ಸವದತ್ತಿಯ ಬಳಿ ರೇಣುಕಾಸಾಗರದ ನೀರಿನಿಂದ ಸಾವಿರ ಮೆಗಾವಾಟಿಗೂ ಮಿಕ್ಕ ಯೋಜನೆಯನ್ನು ಖಾಸಗೀ ಕಂಪನಿಯು ಕೈಕೊಂಡಿದೆ. ರೇಣುಕಾಸಾಗರವೆಂದರೆ ಹುಬ್ಬಳ್ಳಿ-ಧಾರವಾಡವು ಕುಡಿಯುವ ಮಲಪ್ರಭೆಯ ನೀರು. ಅದೇ ನೀರು ಮತ್ತೆ ಮತ್ತೆ ತಿರುಗುವದರಿಂದ ನದಿಗೆ ಹಾನಿಯಿಲ್ಲವೆಂದು ತಜ್ಞರು ಹೇಳುವದರಲ್ಲಿ ಹುರುಳಿದೆ. ಆದರೂ ಮೊದಲ ಸಲ ತುಂಬಿಕೊಳ್ಳುವ ನೀರೆಷ್ಟು, ವರ್ಷವರ್ಷವೂ ಬಿಸಿಲಿಗೆ ಆರಿಹೋಗುವದೆಷ್ಟು, ಬರಗಾಲದಲ್ಲಿ ಮೊದಲ ಹಕ್ಕು ಯಾರದು ಎಂಬಷ್ಟನ್ನು, ನಳ ಬರುವ ದಿನವನ್ನು ಎಣಿಸಿ ಕೊಡ ತುಂಬಿಡುವ ನಮ್ಮ ಗೃಹಿಣಿಯರಿಗೆ ಕನ್ನಡದಲ್ಲಿ ಬರೆದು ತಿಳಿಸುವದು ಅಧಿಕಾರಿವರ್ಗದ ಕರ್ತವ್ಯವಲ್ಲವೇ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಇಲ್ಲಿ ಇಲ್ಲವೆನ್ನುವಂತಿಲ್ಲ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, 2016ರಿಂದ ಐಐಟಿ ಇದೆ. ಹುಬ್ಬಳ್ಳಿಯಲ್ಲಿ ಬಿವಿಬಿಯ ವಿದ್ಯಾಲಯವಿದೆ. ನೀರು, ಮಣ್ಣು, ವಿದ್ಯುತ್ತು ಮೂರನ್ನೂ ಬಲ್ಲವರು ಹದಿನೈದು ಮೈಲಿಯೊಳಗೆ ವಾಸಿಸುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಕೇಂದ್ರವನ್ನು ಕಟ್ಟಿದ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು ಹಾಕಿಕೊಟ್ಟ ದಾರಿಯೂ ಇದೆ. 1980ರ ದಶಕದಲ್ಲಿ ರಾಜ್ಯದ ಸಮಿತಿಯೊಂದು 2000ನೆಯ ಇಸವಿಗೆ ಬೇಕಾಗುವ ವಿದ್ಯುತ್ತನ್ನು ಭಾರಿಯಾಗಿ ಅಂದಾಜು ಮಾಡಿದಾಗ, ರೆಡ್ಡಿಯವರೂ ಅವರ ಸಂಗಡಿಗರೂ ಸ್ಥಾವರದಿಂದ ಲೆಕ್ಕ ತೊಡಗದೆ ದೀಪ, ಪಂಪು, ಗಿರಣಿಗಳಿಂದ ತೊಡಗಿದರು. ಒಳ್ಳೆಯ ಪಂಪು, ಒಳ್ಳೆಯ ದೀಪಗಳನ್ನು ಬಳಸಿದರೆ ಸಮಿತಿ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಅದೇ ಸುಖ ಸಾಧ್ಯವೆಂದು ತೋರಿಸಿದರು. ಸರಕಾರಕ್ಕೆ ಮಾತ್ರ ಪಂಪಿಗಿಂತ ಸ್ಥಾವರವೇ ರುಚಿಸಿತು; ಶಿಲಾನ್ಯಾಸಕ್ಕೆ ಪಂಪಿನಲ್ಲಿ ಜಾಗವೆಲ್ಲಿ?

ವಿದ್ಯುತ್ ದರದ ಮೇಲೆ ನಿಯಂತ್ರಣ ಆಯೋಗವು ನಮ್ಮ ಅವಳಿ ನಗರಗಳಲ್ಲಿ ಸಾರ್ವಜನಿಕ ವಿಚಾರಣೆ ನಡೆಸುವ ರೂಢಿಯಿದೆ. ಅಲ್ಲಿಗೆ ಹೋಗುವವರು ಬೆರಳೆಣಿಕೆಯ ಜನ. ಹೋದವರು ಕೇಳುವದು ಯೂನಿಟ್ಟಿಗೆ ಎಷ್ಟು ಪೈಸೆ ಏರಿತೆಂದು. ಮುಂದಿನ ವಿಚಾರಣೆಯಲ್ಲಿ ಧಾರವಾಡ ಜಿಲ್ಲೆಯ ಹೊಲದ ಫೀಡರುಗಳ ಒಂದು ಪಟ್ಟಿಯನ್ನು ಹೆಸ್ಕಾಂ ಮುಂದಿಡಲೆಂದು ವಕೀಲರೂ, ವ್ಯಾಪಾರಿ ಸಂಘದವರೂ, ರೈತ ಮುಖಂಡರೂ ಕೂಡಿ ಕೇಳಬೇಕು: ಯಾವ ಫೀಡರಿಗೆ ಮೀಟರಿದೆ, ಅದು ತಿಂಗಳಿಗೆ ಎಷ್ಟು ತೋರಿಸುತ್ತದೆ, ಏಳು ತಾಸಿನಲ್ಲಿ ಹಗಲಿನವು ಎಷ್ಟು, ಇರುಳಿನವು ಎಷ್ಟು, ಸಬ್‌ಸ್ಟೇಷನ್ನಿನ ಬಳಿ ಸೌರಫಲಕಕ್ಕೆ ಜಾಗ ಗೊತ್ತಾಗಿದೆಯೋ ಇಲ್ಲವೋ. ನಾಲ್ಕು ಹಾಳೆಗೆ ಮೀರದ ಕೆಲಸ. ಪಟ್ಟಿಯು ಕೈಗೆ ಬಂದ ಮರುದಿನವೇ ನಾವು ಅದನ್ನು ಫೀಡರುಗಳ ಹೆಸರು ಸಹಿತ ಇದೇ ಪುಟದಲ್ಲಿ ಅಚ್ಚು ಹಾಕುವೆವು.